ಒಣ ನೆಲ

ಹನ್ನೊಂದು ಹೆಂಗಸರನ್ನು ಕೆಲಸದಿಂದ ತೆಗೆಯುವುದಕ್ಕೆ ನನಗೆ ಒಂದು ಸಾಲು ಸಾಕಾಯಿತು. ಅದರಲ್ಲಿ ಬೈಗುಳ ಇರಲಿಲ್ಲ. ಯಾರ ಹೆಸರೂ ಇರಲಿಲ್ಲ. ಈ ಗುಂಪಿನಲ್ಲಿದ್ದು ಆ ಗುಂಪಿನಲ್ಲಿ ಇಲ್ಲದ ಲೇಬಲ್‌ಗಳು ಯಾವುವು ಎಂದು ಕಂಪ್ಯೂಟರನ್ನು ಕೇಳಿದೆ, ಅಷ್ಟೇ. ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಹನ್ನೊಂದು ನಂಬರು ಕಕ್ಕಿತು.

ಮೂರನೆಯದು ನಲವತ್ತೇಳು. ನಲವತ್ತೇಳು ಅಂದರೆ ನನ್ನ ದೊಡ್ಡಮ್ಮ.

ಅವ್ವ ಹೋದ ಮೇಲೆ ನನ್ನನ್ನು ಸಾಕಿದವಳು ಅವ್ವನ ಈ ಅಕ್ಕ. ಒಂದೇ ಕೋಣೆಯ ಮನೆಯಲ್ಲಿ ನಾವಿಬ್ಬರೇ. ಅವಳ ನಂಬರಿನ ಬಿಲ್ಲೆ ಕನ್ನಡಿಯ ಪಕ್ಕದ ಮೊಳೆಗೆ ನೇತಾಡುತ್ತಿರುತ್ತಿತ್ತು. ದಿನಾ ತಲೆ ಬಾಚಿಕೊಳ್ಳುವಾಗ ನಾನು ಅದನ್ನು ನೋಡುತ್ತಿದ್ದೆ. ಆದ್ದರಿಂದ ಗೊತ್ತಾಗಲಿಲ್ಲ ಎಂದು ಹೇಳುವ ದಾರಿ ನನಗಿಲ್ಲ.

ನಮ್ಮದು ದೊಡ್ಡ ಆಸ್ಪತ್ರೆಯ ಬಟ್ಟೆ ಒಗೆಯುವ ಕಂಪನಿ. ಮೇಲೆ ಆಫೀಸು. ಕೆಳಗೆ ಎರಡು ಕೋಣೆ. ಒಂದಕ್ಕೆ ಒದ್ದೆ ಕೋಣೆ ಅನ್ನುತ್ತಾರೆ, ಇನ್ನೊಂದಕ್ಕೆ ಒಣ ಕೋಣೆ. ನಡುವೆ ಗೋಡೆ. ಗೋಡೆಯಲ್ಲಿ ಒಂದು ಕಿಂಡಿ, ಒಂದು ಬಾಗಿಲು. ಬಾಗಿಲಿಗೆ ಸದಾ ಬೀಗ.

ಆಪರೇಷನ್ ಮಾಡುವ ಕಡೆಯಿಂದ, ಹೆರಿಗೆ ವಾರ್ಡಿನಿಂದ, ಸತ್ತವರ ಹಾಸಿಗೆಯಿಂದ ಬಟ್ಟೆ ಚೀಲಗಳಲ್ಲಿ ತುಂಬಿ ಒದ್ದೆ ಕೋಣೆಗೆ ಬರುತ್ತದೆ. ಅದನ್ನು ಕೈಯಿಂದಲೇ ಬಿಡಿಸಬೇಕು. ಮಡಿಕೆಯೊಳಗೆ ಸೂಜಿ ಇರುತ್ತದೆ. ಬ್ಲೇಡು ಇರುತ್ತದೆ. ಒಮ್ಮೊಮ್ಮೆ ಬಾಯಿಬಿಟ್ಟು ಹೇಳಲಾಗದ್ದು ಇರುತ್ತದೆ. ರಕ್ತಕ್ಕೆ ಬಿಸಿನೀರು ತಾಗಿದರೆ ಕಲೆ ಕೂತುಬಿಡುತ್ತದೆ. ಅದಕ್ಕೇ ಮೊದಲ ನೀರು ತಣ್ಣೀರು. ಮೊಣಕೈ ಮುಳುಗುವಷ್ಟು. ಬೆಳಗಿನಿಂದ ಸಂಜೆವರೆಗೆ. ಹಾಗೆ ಉಜ್ಜಿ, ಹಿಂಡಿ, ಗಂಟು ಮಾಡಿ ಕಿಂಡಿಯಲ್ಲಿ ತಳ್ಳಿದರೆ, ಆ ಕಡೆ ಗ್ಲೌಸು ಹಾಕಿದ ಕೈಗಳು ತೆಗೆದುಕೊಳ್ಳುತ್ತವೆ. ಅಲ್ಲಿಂದ ಮುಂದೆ ಎಲ್ಲ ಯಂತ್ರದ ಕೆಲಸ. ಒಗೆಯುವುದು, ಒಣಗಿಸುವುದು, ಇಸ್ತ್ರಿ, ಮಡಿಕೆ. ಅದು ಒಣ ಕೋಣೆ.

ಒದ್ದೆ ಕೋಣೆಯವರು ಒಣ ಕೋಣೆಗೆ ಕಾಲಿಡುವಂತಿಲ್ಲ. ರೋಗ ಹರಡುತ್ತದಂತೆ. ಕೆಲಸ ಮುಗಿಸಿ, ಸೋಪು ಹಚ್ಚಿ ಮೈ ತೊಳೆದು, ಮನೆಯ ಬಟ್ಟೆ ಹಾಕಿಕೊಂಡ ಮೇಲೂ ಕಾಲಿಡುವಂತಿಲ್ಲ. ಹೊಸದಾಗಿ ಸೇರಿದವಳು, ಇನ್ನೂ ಒಂದು ಚೀಲವನ್ನೂ ಮುಟ್ಟದವಳು, ಅವಳೂ ಕಾಲಿಡುವಂತಿಲ್ಲ. ಹಾಗಾದರೆ ರೋಗ ಇರುವುದು ಎಲ್ಲಿ? ಬಟ್ಟೆಯಲ್ಲೋ, ಅವರಲ್ಲೋ? ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಓದಿದವಳು ನಾನು. ನಾನೂ ಕೇಳಿರಲಿಲ್ಲ.

ದೊಡ್ಡಮ್ಮನೂ ನಾನೂ ಒಂದೇ ಹೊತ್ತಿಗೆ ಮನೆಯಿಂದ ಹೊರಡುತ್ತಿದ್ದೆವು. ಔಷಧಿ ಅಂಗಡಿಯ ತಿರುವಿನಲ್ಲಿ ಬೇರೆಯಾಗುತ್ತಿದ್ದೆವು. ಅವಳು ಹಿಂದಿನ ಇಳಿಜಾರಿಗೆ. ನಾನು ಮುಂದಿನ ಗಾಜಿನ ಬಾಗಿಲಿಗೆ. ನಾನು ಕೆಲಸಕ್ಕೆ ಸೇರಿದ ದಿನ ಅವಳೇ ತಿರುವಿನಲ್ಲಿ ನಿಂತಳು. “ನೀನು ಮುಂದೆ ಹೋಗು ಪುಟ್ಟಿ. ನನ್ನ ಜೊತೆ ಯಾರಾದ್ರೂ ನೋಡಿದ್ರೆ ನಿನಗೆ ಒಳ್ಳೇದಲ್ಲ” ಅಂದಳು. ಏನು ದೊಡ್ಡಮ್ಮ ಹಾಗಂತೀಯ ಎಂದು ನಾನು ಹೇಳಬೇಕಿತ್ತು. ಹೇಳಲಿಲ್ಲ. ಮಾರನೆಯ ದಿನ ತಿರುವು ಬರುವ ಮೊದಲೇ ನನ್ನ ಹೆಜ್ಜೆ ಜೋರಾಯಿತು.

ಮ್ಯಾನೇಜರ್ ಕೆಟ್ಟವನೇನಲ್ಲ. ಅದೇ ತೊಂದರೆ. ಕೆಟ್ಟವನಾಗಿದ್ದರೆ ನನಗೆ ಬೈಯಲು ಒಬ್ಬ ಸಿಗುತ್ತಿದ್ದ.

“ಎಲ್ಲರೂ ಗೇಟಲ್ಲಿ ಬಿಲ್ಲೆ ಮುಟ್ಟಿಸಿ ಒಳಗೆ ಬರ್ತಾರೆ” ಅಂದ. “ಆಮೇಲೆ ಕೆಲಸ ಮಾಡ್ತಾರೋ, ಗೋಡೆಗೆ ಒರಗಿ ಹರಟೆ ಹೊಡೀತಾರೋ, ದೇವರಿಗೇ ಗೊತ್ತು. ಅದಕ್ಕೇ ಒಳಗೆ ಇನ್ನೊಂದು ಮೆಷಿನ್ ಇಡಿಸಿದ್ದೀನಿ. ಒಂದೊಂದು ಗಂಟು ಮುಗಿದಾಗಲೂ ಬಿಲ್ಲೆ ಮುಟ್ಟಿಸಬೇಕು. ನೀನು ಎರಡನ್ನೂ ಹೋಲಿಸಿ ಕೊಡಮ್ಮ. ಗೇಟಲ್ಲಿ ಇದ್ದು ಮೆಷಿನ್ನಲ್ಲಿ ಇಲ್ಲದವರು ಯಾರು, ಅಷ್ಟು ಸಾಕು.”

ಮೆಷಿನ್ ಇಟ್ಟದ್ದು ಒಣ ಕೋಣೆಯಲ್ಲಿ. ಒದ್ದೆ ಕೋಣೆಯಲ್ಲಿ ಇಟ್ಟರೆ ನೀರು ತಾಗಿ ಹಾಳಾಗುತ್ತದೆ ಎಂದು ಮೇಸ್ತ್ರಿ ಹೇಳಿದ್ದ. ಅವನು ಎರಡೂ ಕೋಣೆಗಳ ಉಸ್ತುವಾರಿ ನೋಡುವವನು. ಕೈ ಕೊಳೆಯಾಗುವ ಕಡೆ ಮೆಷಿನ್ ಇಡಬಾರದು ಎನ್ನುವುದು ಎಲ್ಲರಿಗೂ ಸರಿಯಾಗಿಯೇ ಕಂಡಿತು.

ನಾನು ಕೂತೆ. ಇಂಥ ಕೆಲಸಕ್ಕೆಂದೇ ಮಾಡಿಟ್ಟ ಒಂದು ಲೈಬ್ರರಿ, ಅಂದರೆ ಸಿದ್ಧ ಪ್ರೋಗ್ರಾಂಗಳ ಕಟ್ಟು, ಇದೆ. ಲೇಬಲ್‌ಗಳ, ನಮ್ಮಲ್ಲಾದರೆ ಬಿಲ್ಲೆಯ ನಂಬರುಗಳ, ಎರಡು ಗುಂಪು ಕೊಟ್ಟರೆ ಎರಡೂ ಒಂದೇನಾ ಎಂದು ಹೇಳುತ್ತದೆ. ಎರಡರಲ್ಲೂ ಇರುವುದು ಯಾವುದು, ಒಂದರಲ್ಲಿ ಮಾತ್ರ ಇರುವುದು ಯಾವುದು, ಅದನ್ನೂ ಹೇಳುತ್ತದೆ. ಯಾಕೆ ಎಂದು ಹೇಳುವುದಿಲ್ಲ. ಅದಕ್ಕೆ ಎಣಿಕೆಯೂ ಬೇಡ. ಬಿಲ್ಲೆಯನ್ನು ದಿನವಿಡೀ ಮುಟ್ಟಿಸಿದವಳೂ ಒಂದು ಲೇಬಲ್, ಒಂದು ಸಲ ಮುಟ್ಟಿಸಿದವಳೂ ಒಂದು ಲೇಬಲ್. ಒಣ ಕೋಣೆಯಲ್ಲಿದ್ದ ಮೇಸ್ತ್ರಿಯ ನಾದಿನಿ ಬೆಳಿಗ್ಗೆ ಒಂದು ಗಂಟು ಮುಗಿಸಿ ಒಂದು ಸಲ ಮುಟ್ಟಿಸಿ ಫ್ಯಾನಿನ ಕೆಳಗೆ ಕೂತುಬಿಡುತ್ತಿದ್ದಳು. ಗುಂಪಿನಲ್ಲಿ ಅವಳಿದ್ದಳು.

ಎರಡೂ ಒಂದೇನಾ ಎಂದು ಕೇಳಿದೆ. ಅಲ್ಲ ಎಂದಿತು. ಆಮೇಲೆ ಆ ಸಾಲು ಬರೆದೆ. ಹನ್ನೊಂದು ನಂಬರು ಬಂದವು. ಒದ್ದೆ ಕೋಣೆಯಲ್ಲಿ ಇರುವವರೇ ಹನ್ನೊಂದು ಜನ.

ಮ್ಯಾನೇಜರ್ ನನ್ನ ಹೆಗಲ ಹಿಂದೆ ನಿಂತು ನೋಡಿದ.

“ಇಷ್ಟೊಂದು ಜನಾನಾ? ಏನಾದ್ರೂ ಕಾರಣ ಇರಬಹುದೇನಮ್ಮ?”

ಕೇಳಿದ. ಅವನು ಕೇಳಿದ. ನನಗೆ ಬಾಯಿ ಇತ್ತು. ಸರ್, ಮೆಷಿನ್ ಇರುವ ಕಡೆ ಅವರಿಗೆ ಪ್ರವೇಶವೇ ಇಲ್ಲ ಎಂದರೆ ಮುಗಿಯುತ್ತಿತ್ತು. ಆದರೆ ಆಫೀಸಿನವರು ಯಾರೂ ಒದ್ದೆ ಕೋಣೆಯನ್ನು ಕಂಡವರಲ್ಲ. ನಿನಗೆ ಹೇಗೆ ಗೊತ್ತು ಎಂದು ಅವನು ಕೇಳುತ್ತಿದ್ದ. ಪಕ್ಕದ ಮೇಜಿನವರು ತಲೆ ಎತ್ತುತ್ತಿದ್ದರು. ನನ್ನ ಟಿಫನ್ ಡಬ್ಬಿಯನ್ನು ಕಟ್ಟಿಕೊಡುವ ಕೈ ಯಾವುದು ಎಂದು ಅವರಿಗೆ ತಿಳಿಯುತ್ತಿತ್ತು.

“ಡೇಟಾ ಇಷ್ಟೇ ಹೇಳುತ್ತೆ ಸರ್” ಅಂದೆ.

“ಸರಿ ಹಾಗಾದ್ರೆ. ಇವರನ್ನ ತೆಗೆದುಬಿಡು.”

ಬಿಲ್ಲೆಗಳ ಪಟ್ಟಿಯಿಂದ ಹನ್ನೊಂದನ್ನೂ ತೆಗೆದೆ. ಮತ್ತೆ ಕೇಳಿದೆ, ಎರಡೂ ಒಂದೇನಾ. ಹೌದು ಎಂದಿತು.

ಮರುದಿನವೂ ನಾವು ಜೊತೆಗೇ ಹೊರಟೆವು. ದಾರಿಯುದ್ದಕ್ಕೂ ನಾನು ನೆಲ ನೋಡಿಕೊಂಡೇ ನಡೆದೆ. ನಿದ್ದೆಗೆಟ್ಟಿದ್ದೀಯ ಅಂದಳು ದೊಡ್ಡಮ್ಮ. ತಿರುವಿನಲ್ಲಿ ಬೇರೆಯಾದೆವು. ನಾನು ಮೇಲೆ ಹೋಗಿ ಹಿಂದಿನ ಕಿಟಕಿಯ ಹತ್ತಿರ ನಿಂತೆ.

ಇಳಿಜಾರಿನ ಗೇಟಿನಲ್ಲಿ ದೊಡ್ಡಮ್ಮ ಬಿಲ್ಲೆ ಮುಟ್ಟಿಸಿದಳು. ಕೆಂಪು ದೀಪ. ಒರೆಸಿಕೊಂಡು ಮತ್ತೆ ಮುಟ್ಟಿಸಿದಳು. ಕೆಂಪು. ಹಿಂದಿದ್ದವಳು ಮುಟ್ಟಿಸಿದಳು. ಅದೂ ಕೆಂಪು. ಅವಳನ್ನು ಎಲ್ಲರೂ ರೇಡಿಯೋ ಅನ್ನುತ್ತಾರೆ. ಕರೆಂಟು ಹೋದರೂ ನಿಲ್ಲದ ರೇಡಿಯೋ. ಅವಳ ದನಿ ಮೇಲಿನವರೆಗೂ ಬಂತು.

“ಏನಣ್ಣ ಮೇಸ್ತ್ರಿ, ನಿನ್ನ ಗೇಟಿಗೆ ಕಣ್ಣು ಬಂದಿದೆ ಅಂತ ಕಾಣುತ್ತೆ. ಬರೀ ಕೆಂಪೇ ಕಾಣಿಸ್ತಿದೆ!”

ಮೇಸ್ತ್ರಿ ಹೊರಗೆ ಬಂದು ಏನೋ ಹೇಳಿದ. ನಗು ನಿಂತಿತು. ರೇಡಿಯೋ ಕೂಡ ಸುಮ್ಮನಾದಳು. ನಾನು ಕಿಟಕಿಯಿಂದ ಹಿಂದೆ ಸರಿದೆ. ದೊಡ್ಡಮ್ಮ ತಲೆ ಎತ್ತಿ ನೋಡಿರಲಿಲ್ಲ. ಆದರೂ ಸರಿದೆ.

ಸಂಜೆ ಮನೆಗೆ ಹೋದಾಗ ಅವಳು ಬಾಗಿಲಲ್ಲಿ ಕೂತು ಕೈಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಆ ಕೈಗಳ ಬಗ್ಗೆ ಹೇಳಬೇಕು. ಬೆರಳ ಗೆಣ್ಣುಗಳಲ್ಲಿ ಸೀಳು. ಉಗುರಿನ ಸುತ್ತ ಬಿಳಿ. ಬ್ಲೀಚಿಂಗ್ ಪುಡಿ ತಿಂದು ತಿಂದು ಅಂಗೈಯ ಗೆರೆಗಳೇ ಅಳಿಸಿಹೋಗಿದ್ದವು. ನಾನು ಚಿಕ್ಕವಳಿದ್ದಾಗ ಆ ಕೈ ತಲೆ ಸವರಿದರೆ ಕೂದಲು ಸಿಕ್ಕಿಕೊಳ್ಳುತ್ತಿತ್ತು.

“ನಾವು ಕೆಲಸವೇ ಮಾಡಿಲ್ವಂತೆ ಪುಟ್ಟಿ” ಅಂದಳು. “ಮೆಷಿನ್ ಮುಟ್ಟಿಲ್ವಂತೆ. ಮೆಷಿನ್ ಇರೋ ಕಡೆ ನಮ್ಮನ್ನ ಬಿಟ್ರೆ ತಾನೇ ಮುಟ್ಟೋದು? ಮೇಸ್ತ್ರೀನ ಕೇಳ್ದೆ. ಅವನಂತಾನೆ, ನಾನೇನು ಮಾಡ್ಲಿ, ಮೇಲೆ ಯಾರೋ ಓದಿದೋರು ಲೆಕ್ಕ ಹಾಕಿ ತೆಗೆದಿದಾರೆ ಅಂತ.”

ನಾನು ಚಪ್ಪಲಿ ಬಿಡುತ್ತಿದ್ದೆ. ಒಂದು ಬಿಟ್ಟಿದ್ದೆ, ಇನ್ನೊಂದು ಕಾಲಲ್ಲೇ ಇತ್ತು.

“ಯಾರೇ ಅದು? ನಿನಗೆ ಗೊತ್ತಿರಬೇಕಲ್ಲ.”

ನಾನು ಬಗ್ಗಿ ಚಪ್ಪಲಿಯ ಪಟ್ಟಿ ಹಿಡಿದುಕೊಂಡೆ.

ಎಣ್ಣೆ ಹಚ್ಚುತ್ತಿದ್ದ ಕೈ ನಿಂತಿತು. ಅವಳು ನನ್ನ ಮುಖ ನೋಡಲಿಲ್ಲ. ನನ್ನ ಕಾಲಲ್ಲಿದ್ದ ಒಂಟಿ ಚಪ್ಪಲಿಯನ್ನೇ ನೋಡಿದಳು. ಆಮೇಲೆ ಎದ್ದು ಒಳಗೆ ಹೋಗಿ ತಟ್ಟೆ ಇಟ್ಟಳು.

“ಊಟಕ್ಕೆ ಬಾ. ಆರಿಹೋಗುತ್ತೆ.”

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. ತಟ್ಟೆಯ ಸದ್ದು, ಲೋಟದ ಸದ್ದು, ಇಬ್ಬರು ಅಗಿಯುವ ಸದ್ದು. ಆ ಮನೆಯಲ್ಲಿ ಮೌನ ಹೊಸದಲ್ಲ. ಅವ್ವ ಹೋದಾಗಲೂ ನಾವು ಹೀಗೇ ಉಂಡಿದ್ದೆವು. ಆದರೆ ಆಗ ಮೌನ ಇಬ್ಬರದ್ದೂ ಆಗಿತ್ತು.

ಬೆಳಿಗ್ಗೆ ನಾನು ಏಳುವ ಮೊದಲೇ ಅವಳು ಹೋಗಿದ್ದಳು. ಮೊಳೆಯಲ್ಲಿ ಬಿಲ್ಲೆ ಇರಲಿಲ್ಲ.

ಆಫೀಸಿನ ಕಿಟಕಿಯಿಂದ ನೋಡಿದರೆ ಹನ್ನೊಂದು ಜನವೂ ಇಳಿಜಾರಿನ ಮೋಟುಗೋಡೆಯ ಮೇಲೆ ಸಾಲಾಗಿ ಕೂತಿದ್ದರು. ಘೋಷಣೆ ಇಲ್ಲ, ಬಾವುಟ ಇಲ್ಲ. ಕೈ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು. ಅವರ ಪಕ್ಕದಲ್ಲೇ ಬಟ್ಟೆಯ ಚೀಲಗಳು ಬಂದು ಬೀಳುತ್ತಿದ್ದವು. ಒಂದರ ಮೇಲೊಂದು. ವಾಸನೆ ಮೇಲೆ ಬರತೊಡಗಿತು. ಯಾರೋ ಕಿಟಕಿ ಹಾಕಿದರು.

ಒಣ ಕೋಣೆಯಲ್ಲಿ ಉಳಿದಿದ್ದ ಗಂಟುಗಳು ಹಿಂದಿನ ದಿನವೇ ಮುಗಿದು ಯಂತ್ರಗಳು ಖಾಲಿ ನಿಂತಿದ್ದವು. ಕಿಂಡಿಯಲ್ಲಿ ಒಂದು ಗಂಟೂ ಬಂದಿರಲಿಲ್ಲ. ಮೇಸ್ತ್ರಿ ಒಣ ಕೋಣೆಯವರಿಗೆ ಆ ಕಡೆ ಹೋಗಿ ಕೆಲಸ ನೋಡಿ ಎಂದನಂತೆ. ನಾವಾ? ಅದನ್ನ ಮುಟ್ಟೋದಾ? ಎಂದು ಅವರು ಹಿಂದೆ ಸರಿದರಂತೆ. ನಾದಿನಿ ಅತ್ತೇಬಿಟ್ಟಳಂತೆ. ಅವರು ನಿರಾಕರಿಸಿದ್ದು ಹನ್ನೊಂದು ಜನರ ಮೇಲಿನ ಪ್ರೀತಿಯಿಂದಲ್ಲ. ಆದರೂ ಅದು ಉಪಯೋಗಕ್ಕೆ ಬಂತು.

ಮಧ್ಯಾಹ್ನ ಮ್ಯಾನೇಜರ್ ಬಂದ. “ಇವತ್ತಿಂದು ಹೋಲಿಸಿ ತೋರಿಸು.”

ಅದೇ ಸಾಲು ಓಡಿಸಿದೆ. ಗೇಟಿನಲ್ಲಿ ಇದ್ದು ಮೆಷಿನ್ನಿನಲ್ಲಿ ಇಲ್ಲದವರು ಯಾರು? ಪರದೆ ತುಂಬಿತು. ಗೇಟು ದಾಟಿದ ಒಬ್ಬೊಬ್ಬರ ನಂಬರೂ ಬಂತು. ಒಂದು ಗಂಟೂ ಮುಗಿಯದ್ದರಿಂದ ಮೆಷಿನ್ನಿನ ಕಡೆ ಒಂದೂ ಲೇಬಲ್ ಇರಲಿಲ್ಲ.

“ಪ್ರೋಗ್ರಾಂ ಕೆಟ್ಟಿದೆಯಾ?”

“ಇಲ್ಲ ಸರ್. ಸರಿಯಾಗೇ ಇದೆ.”

“ಇದರ ಪ್ರಕಾರ ಎಲ್ಲರನ್ನೂ ತೆಗೀಬೇಕಲ್ಲಮ್ಮ!”

“ಹೌದು ಸರ್.”

ಅವನು ನನ್ನನ್ನು ನೋಡಿದ. ಫೋನು ಹೊಡೆದುಕೊಳ್ಳುತ್ತಿತ್ತು. ಆಪರೇಷನ್ ಮಾಡುವ ಕಡೆ ಹಾಸಲು ಬಟ್ಟೆ ಇಲ್ಲ, ಮೇಜಿನ ಮೇಲೆ ರೋಗಿ ಇದ್ದಾನೆ ಎಂದು ಯಾರೋ ಆ ಕಡೆಯಿಂದ ಕೂಗಾಡುತ್ತಿದ್ದರು. ಮ್ಯಾನೇಜರ್ ಮೇಸ್ತ್ರಿಯನ್ನು ಕರೆದು ಅವರನ್ನು ಒಳಗೆ ಬಿಡು ಅಂದ. ಮೊದಲಿನ ಹಾಗೇ ಕೆಲಸ ಮಾಡಿಕೊಂಡು ಹೋಗಲಿ.

ಮೇಸ್ತ್ರಿ ಕೆಳಗೆ ಹೋಗಿ, ಬೆವರೊರೆಸಿಕೊಳ್ಳುತ್ತ ಮೇಲೆ ಬಂದ.

“ಬರಲ್ಲ ಅಂತಾರೆ ಸರ್. ಮೊದಲಿನ ಹಾಗೆ ಆದ್ರೆ ಬರಲ್ವಂತೆ. ಮುಂದಿನ ಬಾಗಿಲಿಂದ ಬಂದು, ಒಣ ಕೋಣೆ ದಾಟಿ, ಆ ಮೆಷಿನ್ ಮುಟ್ಟಿ, ಆಮೇಲೆ ತಮ್ಮ ಕೋಣೆಗೆ ಹೋಗ್ತಾರಂತೆ. ದಿನಾ. ನಾನಂದೆ, ಬೇಡ್ರಮ್ಮ, ನಿಮಗೇ ಅಂತ ಕೆಳಗೆ ಬೇರೆ ಮೆಷಿನ್ ಹಾಕಿಸ್ತೀವಿ, ಪ್ಲಾಸ್ಟಿಕ್ ಮುಚ್ಚಿ ಕೊಡ್ತೀವಿ ಅಂತ. ಆ ದೊಡ್ಡ ಹೆಂಗಸು ಇದಾಳಲ್ಲ, ನಲವತ್ತೇಳು, ಅವಳು ಏನಂದ್ಲು ಗೊತ್ತಾ? ಬೇರೆ ಮೆಷಿನ್ ಬೇಡ. ಬೇರೆ ಬಾಗಿಲು ಕೊಟ್ರಿ, ಬೇರೆ ನಲ್ಲಿ ಕೊಟ್ರಿ. ಬೇರೆ ಬೇರೆ ತಗೊಂಡು ಸಾಕಾಗಿದೆ. ಅದೇ ಮೆಷಿನ್ ಬೇಕು ಅಂತ.”

ಮ್ಯಾನೇಜರ್ ಹಣೆ ಉಜ್ಜಿಕೊಂಡ. ಆಮೇಲೆ ನನ್ನ ಕಡೆ ತಿರುಗಿದ. ಅವನ ಮುಖದಲ್ಲಿ ದಾರಿ ಹೊಳೆದ ನೆಮ್ಮದಿ.

“ನೀನೊಂದು ಕೆಲಸ ಮಾಡಮ್ಮ. ಆ ಹನ್ನೊಂದು ಲೇಬಲ್‌ಗಳನ್ನ ದಿನಾ ಮೆಷಿನ್ ಕಡೆಗೆ ನೀನೇ ಸೇರಿಸಿಬಿಡು. ಎರಡೂ ಒಂದೇ ಅಂತ ಬರುತ್ತೆ. ಕೆಲಸ ಹೋಗಲ್ಲ ಅಂತ ಅವರಿಗೆ ಮಾತು ಕೊಡೋಣ. ಹಿಂದಿನಿಂದಾನೇ ಬರಲಿ. ಯಾಕೆ ರಗಳೆ?”

ಸುಲಭವಿತ್ತು. ಇನ್ನೊಂದು ಸಾಲು. ದೊಡ್ಡಮ್ಮನ ಕೆಲಸ ಉಳಿಯುತ್ತಿತ್ತು. ನನ್ನ ತಪ್ಪು ಅಳಿಸಿಹೋಗುತ್ತಿತ್ತು. ತಿರುವಿನಲ್ಲಿ ನಾವು ಮತ್ತೆ ಬೇರೆಯಾಗಬಹುದಿತ್ತು. ನಿಜ ಹೇಳಬೇಕೆಂದರೆ ನನ್ನ ಬೆರಳು ಕೀಲಿಗಳ ಮೇಲೆ ಹೋಯಿತು.

ಆಗ ಒಂಟಿ ಚಪ್ಪಲಿ ನೆನಪಾಯಿತು. ಅದನ್ನು ನೋಡುತ್ತಿದ್ದ ಕಣ್ಣು.

“ಆಗಲ್ಲ ಸರ್.”

“ಯಾಕೆ? ಬರಲ್ವಾ ಹಾಗೆ ಮಾಡೋಕೆ?”

“ಬರುತ್ತೆ. ಮಾಡಲ್ಲ.” ಕೀಲಿಗಳಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡೆ. “ಒಣ ಕೋಣೆಗೆ ಅವರನ್ನ ಬಿಡಲ್ಲ ಸರ್. ಬಿಡದ ಕಡೆ ಮೆಷಿನ್ ಇಟ್ಟು, ಮುಟ್ಟಲಿಲ್ಲ ಅಂತ ತೆಗೆದಿದ್ದು. ನಲವತ್ತೇಳು ನನ್ನ ದೊಡ್ಡಮ್ಮ.”

ಪಕ್ಕದ ಮೇಜುಗಳಲ್ಲಿ ಟಕಟಕ ನಿಂತಿತು. ಎರಡು ವರ್ಷ ನಾನು ಹೆದರಿದ್ದು ಇದಕ್ಕೇ. ಏನೂ ಆಗಲಿಲ್ಲ. ಫ್ಯಾನು ತಿರುಗುತ್ತಿತ್ತು. ಮ್ಯಾನೇಜರ್ ರೇಗಲಿಲ್ಲ. ನಿಜವಾಗಿ ಅರ್ಥವಾಗದವನ ಹಾಗೆ ಕೇಳಿದ.

“ಮೊದಲೇ ಯಾಕೆ ಹೇಳಲಿಲ್ಲ? ನಾನು ಕೇಳಿದ್ನಲ್ಲಮ್ಮ.”

ಅದಕ್ಕೆ ಇವತ್ತಿಗೂ ನನ್ನಲ್ಲಿ ಇರುವುದೆಲ್ಲ ನೆಪ.

ಫೋನು ಮತ್ತೆ ಹೊಡೆದುಕೊಂಡಿತು. “ಬರಲಿ ಹಾಗಾದ್ರೆ” ಎಂದು ಮ್ಯಾನೇಜರ್ ಮೇಸ್ತ್ರಿಗೆ ಕೂಗಿದ. “ಎಲ್ಲಿಂದ ಬೇಕಾದ್ರೂ ಬರಲಿ!” ನನಗೆ ಅಂದ, “ನಿನ್ನ ವಿಷಯ ಆಮೇಲೆ ಮಾತಾಡೋಣ.”

ನಾನು ಕೆಳಗೆ ಇಳಿದೆ. ಹೊರಗಿನ ನಲ್ಲಿಯ ಹತ್ತಿರ ಅವರೆಲ್ಲ ನಿಂತಿದ್ದರು. ರೇಡಿಯೋ ನಲ್ಲಿ ತಿರುಗಿಸಿ ಕಾಲು ತೊಳೆದುಕೊಳ್ಳುತ್ತಿದ್ದಳು. ಹಿಮ್ಮಡಿ ಉಜ್ಜಿ, ಬೆರಳ ಸಂದಿ ಉಜ್ಜಿ, ಸಾವಕಾಶವಾಗಿ.

“ಬೇಗ ಬರ್ರಮ್ಮ” ಎಂದ ಮೇಸ್ತ್ರಿ.

“ತಾಳಣ್ಣ. ಕೊಳೆ ಕಾಲು ಅಂತೀರಲ್ಲ, ತೊಳ್ಕೊಂಡೇ ಬರ್ತೀವಿ. ನಿನ್ನ ನಾದಿನಿಗೆ ಹೇಳು, ರೋಗ ಬಂದ್ರೆ ನಾವೇ ಅವಳ ಹಾಸಿಗೆ ಬಟ್ಟೆ ಒಗೀತೀವಂತೆ.”

ಒಬ್ಬೊಬ್ಬರೂ ಕಾಲು ತೊಳೆದರು. ಯಾರೂ ಒರೆಸಿಕೊಳ್ಳಲಿಲ್ಲ. ಹಾಗೇ ಗಾಜಿನ ಬಾಗಿಲು ತಳ್ಳಿಕೊಂಡು ಒಣ ಕೋಣೆಗೆ ಬಂದರು. ಇಸ್ತ್ರಿಯ ಬಿಸಿ, ಸೋಪಿನ ಪರಿಮಳ. ನೆಲ ಕನ್ನಡಿಯ ಹಾಗಿತ್ತು. ಅದರ ಮೇಲೆ ಒದ್ದೆ ಹೆಜ್ಜೆ ಬಿದ್ದವು. ಒಂದು, ಆಮೇಲೆ ಇನ್ನೊಂದು, ಆಮೇಲೆ ಲೆಕ್ಕವಿಲ್ಲ. ಒಣ ಕೋಣೆಯವರು ಗೋಡೆಗೆ ಅಂಟಿಕೊಂಡರು.

ದೊಡ್ಡಮ್ಮ ಮೆಷಿನ್ನಿನ ಮುಂದೆ ನಿಂತು ಬಿಲ್ಲೆ ಮುಟ್ಟಿಸಿದಳು.

ಕೆಂಪು.

ನಾನು ತೆಗೆದಿದ್ದೆನಲ್ಲ. ಅವರ ನಂಬರುಗಳನ್ನು ಯಾರೂ ಮತ್ತೆ ಸೇರಿಸಿರಲಿಲ್ಲ. ನನಗೂ ಹೊಳೆದಿರಲಿಲ್ಲ. ಮಾತಾಡಿ ಮುಗಿಸಿದೆ, ದೊಡ್ಡದೇನೋ ಮಾಡಿಬಿಟ್ಟೆ ಎಂದುಕೊಂಡು ಇಳಿದುಬಂದಿದ್ದೆ.

ಅವಳು ತಿರುಗಿದಳು. ಎಲ್ಲರ ಮುಂದೆ, ಆ ಕಟ್ಟಡದೊಳಗೆ, ಮೊದಲ ಸಲ ನನ್ನನ್ನು ನೇರವಾಗಿ ನೋಡಿದಳು.

“ಹೋಗು. ತೆಗೆದ ಕೈಯಲ್ಲೇ ಹಾಕು. ನಾವು ಇಲ್ಲೇ ನಿಂತಿರ್ತೀವಿ.”

ನಾನು ಮೆಟ್ಟಿಲು ಹತ್ತಿ ಓಡಿದೆ. ಹನ್ನೊಂದು ಲೇಬಲ್‌ಗಳನ್ನು ಒಂದೊಂದಾಗಿ ಸೇರಿಸಿದೆ. ಒಟ್ಟಿಗೇ ಸೇರಿಸಬಹುದಿತ್ತು. ಒಟ್ಟಿಗೆ ತೆಗೆದದ್ದು ಸಾಕಿತ್ತು. ಕೆಳಗಿನಿಂದ ಮೆಷಿನ್ನಿನ ಕುಂಯ್ ಎನ್ನುವ ಸದ್ದು ಕೇಳಿಸಿತು. ಆಮೇಲೆ ಇನ್ನೊಂದು. ಮತ್ತೊಂದು. ಆಮೇಲೆ ಬೀಗ ತೆಗೆಯುವ ಸದ್ದು, ಎಷ್ಟೋ ಕಾಲದಿಂದ ತೆಗೆಯದ ಬಾಗಿಲು ನೆಲ ಕೆರೆಯುವ ಸದ್ದು. ಹಸಿರು ದೀಪವನ್ನು ನಾನು ನೋಡಲಿಲ್ಲ. ನಾನು ಮೇಲಿದ್ದೆ.

ಆ ಸಂಜೆಯೂ ನಾವು ಸುಮ್ಮನೆ ಉಂಡೆವು.

ಮಾರನೆಯ ಬೆಳಿಗ್ಗೆ ಅವಳು ಕಾದಳು. ಜೊತೆಗೆ ಹೊರಟೆವು. ರಾತ್ರಿಯೆಲ್ಲ ನಾನೊಂದು ನಿರ್ಧಾರ ಮಾಡಿಕೊಂಡಿದ್ದೆ. ಔಷಧಿ ಅಂಗಡಿಯ ತಿರುವು ಬಂತು. ನಾನು ಮುಂದಿನ ಬಾಗಿಲಿನ ಕಡೆ ತಿರುಗಲಿಲ್ಲ. ಅವಳು ಇಷ್ಟು ವರ್ಷ ನಡೆದ ದಾರಿಯಲ್ಲಿ, ಹಿಂದಿನ ಇಳಿಜಾರಿನ ಕಡೆಗೆ, ತಲೆ ತಗ್ಗಿಸಿ ಹೆಜ್ಜೆ ಹಾಕಿದೆ. ಹತ್ತು ಮಾರು ಹೋದ ಮೇಲೆ ಪಕ್ಕದಲ್ಲಿ ಯಾರೂ ಇಲ್ಲ ಎಂದು ಗೊತ್ತಾಯಿತು.

ತಿರುಗಿ ನೋಡಿದೆ. ದೊಡ್ಡಮ್ಮ ತಿರುವಿನಲ್ಲೇ ನಿಂತಿದ್ದಳು. ಕೊರಳಲ್ಲಿ ಬಿಲ್ಲೆ.

“ಆ ಕಡೆ ಎಲ್ಲಿಗೆ ಹೊರಟೆ?” ಅಂದಳು. “ಅಲ್ಲಿ ಈಗ ಯಾರೂ ಹೋಗಲ್ಲ.”

ಅಷ್ಟು ಹೇಳಿ ಗಾಜಿನ ಬಾಗಿಲಿನ ಕಡೆಗೆ ನಡೆದಳು. ನನಗಾಗಿ ನಿಲ್ಲಲಿಲ್ಲ.